ಮೀನು ಮನೆಗೆ ಬರುತ್ತದೆ, ಅತ್ತೆಯ ಬಟ್ಟಲಿಗೆ ಬರುತ್ತದಾ?

ಪ್ರಶ್ನೆ: ನಮ್ಮ ಮನೆ ಮಲ್ಪೆ ಹತ್ತಿರ. ಅತ್ತೆಗೆ 72 ವರ್ಷ. ಶುಗರ್ ಇದೆ, ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಬಿಪಿ ಮಾತ್ರೆಯೂ ಇದೆ. ಕಳೆದ ಮಳೆಗಾಲದಲ್ಲಿ ಜ್ವರ ಬಂದು ಹತ್ತು ದಿನ ಮಲಗಿದಲ್ಲೇ ಇದ್ದರು. ಅದಾದ ಮೇಲೆ ಕಾಲಲ್ಲಿ ಶಕ್ತಿಯೇ ಇಲ್ಲ. ಮಣೆಯಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಾರೆ. 54 ಕಿಲೋ ಇದ್ದವರು ಈಗ 49 ಆಗಿದ್ದಾರೆ. ವಯಸ್ಸಾದವರ ಮಾಂಸಖಂಡಕ್ಕೆ ಮೀನು ಒಳ್ಳೆಯದು ಅಂತ ಓದಿದೆ. ಆದರೆ ನಮ್ಮಲ್ಲಿ ವಾರಕ್ಕೆ ಐದು ದಿನ ಮೀನು ಇದ್ದೇ ಇದೆ. ಹಾಗಿದ್ದೂ ಯಾಕೆ ಹೀಗಾಯಿತು? ದುಬೈಯಲ್ಲಿರುವ ನನ್ನ ಮೈದುನ ಮೀನೆಣ್ಣೆ ಕ್ಯಾಪ್ಸುಲ್ ಕಳಿಸಿದ್ದಾನೆ, ಕೊಡಬಹುದಾ? ಬಂಗುಡೆ ನಂಜು ಅಂತ ಅತ್ತೆ ಜ್ವರದ ನಂತರ ಮುಟ್ಟುತ್ತಿಲ್ಲ.

ಉತ್ತರ: ಮೀನಿನ ವಿಷಯಕ್ಕೆ ಬರುವ ಮುಂಚೆ ಒಂದು ಮಾತು. ಒಂದು ವರ್ಷದೊಳಗೆ ಐದು ಕಿಲೋ ಇಳಿದಿದ್ದಾರೆ. ಬೇಕಂತ ಇಳಿಸಿದ ತೂಕ ಅಲ್ಲ ಇದು. ಇದ್ದ ತೂಕದ ನೂರಕ್ಕೆ ಐದು ಪಾಲು ತಾನಾಗಿ ಹೋದರೇ ನಾವು ಕಾರಣ ಹುಡುಕುತ್ತೇವೆ. ನಿಮ್ಮ ಅತ್ತೆಯದು ಒಂಬತ್ತು ಪಾಲು ಹೋಗಿದೆ. ವಯಸ್ಸಾಯಿತಲ್ಲ ಅಂತ ಬಿಡಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಮೂರು ತಿಂಗಳ ಸರಾಸರಿ ಶುಗರ್, ಥೈರಾಯ್ಡ್, ರಕ್ತದಲ್ಲಿ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿ. ಕೆಮ್ಮು ಇದ್ದರೆ ಎದೆಯ ಎಕ್ಸ್‌ರೇ ಬೇಕು. ಹಲ್ಲು ಸರಿ ಇದೆಯಾ, ನುಂಗಲು ಕಷ್ಟವಾ, ಮನಸ್ಸಿಗೆ ಬೇಸರವಾ, ಇದನ್ನೂ ಕೇಳಿ. ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಆಗ ಎಷ್ಟು ಮೀನು ಕೊಟ್ಟರೂ ತೂತಾದ ಕೊಡಪಾನಕ್ಕೆ ನೀರು ಹೊಯ್ದ ಹಾಗೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಾರಕ್ಕೆ ಐದು ದಿನ ಮೀನು ಇದ್ದೇ ಇದೆ ಅಂದಿರಿ. ಇದೇ ಮಾತನ್ನು ಮಂಗಳೂರಿನಲ್ಲಿ ನನ್ನ ಸಲಹೆ ಕೇಳಲು ಬರುವ ಹೆಚ್ಚಿನ ಮನೆಯವರು ಹೇಳುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ: ಒಂದು ದಿನ ಅವರ ಜೊತೆ ಊಟಕ್ಕೆ ಕುಳಿತುಕೊಳ್ಳಿ. ಸುಮ್ನೆ ಅವರ ಬಟ್ಟಲು ನೋಡಿ.

ಏನು ಕಾಣುತ್ತದೆ ಗೊತ್ತಾ? ಕುಚ್ಚಲಕ್ಕಿ ಅನ್ನ ತುಂಬಾ ಇರುತ್ತದೆ. ಅದರ ಮೇಲೆ ಮೀನಿನ ಪದಾರ್ಥದ ರಸ ಧಾರಾಳವಾಗಿ ಇರುತ್ತದೆ. ಬದಿಯಲ್ಲಿ ಒಂದು ಬಾಲದ ತುಂಡು, ಇಲ್ಲವಾದರೆ ತಲೆ. ಮಧ್ಯದ ಮಾಂಸದ ತುಂಡು ಮಗನಿಗೋ ಮೊಮ್ಮಗನಿಗೋ ಹೋಗಿರುತ್ತದೆ. ನಮ್ಮ ಕಡೆಯ ಹಿರಿಯ ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಗೆ ಅಡುಗೆಕೋಣೆಯಲ್ಲೇ ಕುಳಿತು ಉಂಡವರು. ನನ್ನ ಅಜ್ಜಿ ಕೊನೆಯವರೆಗೂ ಹಾಗೇ ಉಂಡರು. "ನನಗೆ ರಸ ಇದ್ದರೆ ಸಾಕು ಮಗಾ" ಅನ್ನುತ್ತಿದ್ದರು. ನಮಗೆ ಅದು ಅವರ ರುಚಿ ಅನಿಸಿತ್ತು. ಅವರು ಬಿಟ್ಟುಕೊಡುತ್ತಿದ್ದರು ಅಂತ ನನಗೆ ಹೊಳೆದದ್ದು ಈ ವಿಷಯ ಓದಿದ ಮೇಲೆ. ಅಷ್ಟು ಹೊತ್ತಿಗೆ ಅವರು ಇರಲಿಲ್ಲ.

ರಸದಲ್ಲಿ ತೆಂಗಿನಕಾಯಿ, ಮೆಣಸು, ಹುಳಿ, ಮೀನಿನ ಒಂದಿಷ್ಟು ಎಣ್ಣೆ ಇರುತ್ತದೆ. ಪ್ರೋಟೀನ್ ಮಾತ್ರ ತುಂಡಿನಲ್ಲೇ ಉಳಿಯುತ್ತದೆ. ರಸ ಉಂಡವರು ಮೀನು ತಿಂದ ಹಾಗಾಗುವುದಿಲ್ಲ.

ನಿಮ್ಮ ಅತ್ತೆಯ ಒಂದು ದಿನವನ್ನು ಊಹಿಸಿ ಲೆಕ್ಕ ಹಾಕುತ್ತೇನೆ. ಬೆಳಿಗ್ಗೆ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನ ಅನ್ನ, ಮೀನಿನ ರಸ, ಸಣ್ಣ ತುಂಡು, ಒಂದು ಪಲ್ಯ. ಸಂಜೆ ಚಹಾ, ಎರಡು ಬಿಸ್ಕತ್ತು. ರಾತ್ರಿ ಮತ್ತೆ ಗಂಜಿ. ದಿನಕ್ಕೆ 220 ಗ್ರಾಂ ಅಕ್ಕಿ ಅಂದರೂ ಅದರಿಂದ ಬರುವ ಪ್ರೋಟೀನ್ ಸುಮಾರು 16 ಗ್ರಾಂ. ಬಾಲದ ತುಂಡಿನಿಂದ ಆರೇಳು ಗ್ರಾಂ. ಚಹಾದ ಹಾಲು, ಪಲ್ಯ, ತೆಂಗಿನಕಾಯಿ ಎಲ್ಲ ಸೇರಿ ಇನ್ನೊಂದು ಏಳೆಂಟು. ಒಟ್ಟು 30ರ ಆಸುಪಾಸು.

ಬೇಕಾದದ್ದು ಎಷ್ಟು? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಇದು ಎಲ್ಲ ವಯಸ್ಸಿನ ದೊಡ್ಡವರಿಗೂ ಹೇಳಿದ್ದು. 65 ದಾಟಿದವರಿಗೆ ಅಷ್ಟು ಸಾಲದು ಅಂತ 2013ರಲ್ಲಿ ಬೇರೆ ಬೇರೆ ದೇಶಗಳ ತಜ್ಞರ ಗುಂಪೊಂದು ಹೇಳಿತು. ಅವರ ಪ್ರಕಾರ ಕಿಲೋಗೆ 1ರಿಂದ 1.2 ಗ್ರಾಂ ಬೇಕು. ಕಾಯಿಲೆಯಿಂದ ಎದ್ದವರಿಗೆ 1.2ರಿಂದ 1.5. ನಾನೂ ಇದನ್ನೇ ಅನುಸರಿಸುತ್ತೇನೆ. ನಿಮ್ಮ ಅತ್ತೆಗೆ ದಿನಕ್ಕೆ ಕನಿಷ್ಠ 50ರಿಂದ 60 ಗ್ರಾಂ ಬೇಕು. ಸಿಗುತ್ತಿರುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮಲ್ಪೆಯಲ್ಲಿ ಕುಳಿತು, ದಿನಾ ಮೀನಿನ ವಾಸನೆ ಬರುವ ಮನೆಯಲ್ಲಿ!

ಆ ಹತ್ತು ದಿನದ ಜ್ವರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನಗೆ ಅನಿಸುವುದು, ಕತೆ ಶುರುವಾದದ್ದೇ ಅಲ್ಲಿಂದ. ವಯಸ್ಸಿನ ಜೊತೆ ಮಾಂಸಖಂಡ ಸವೆಯುವುದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಅನ್ನುವವರು ಇಟ್ಟ ಹೆಸರು. ಗ್ರೀಕಿನಲ್ಲಿ ಮಾಂಸದ ಕೊರತೆ ಅಂತ ಅರ್ಥ. ಇದು ಮೆಲ್ಲ ಮೆಲ್ಲ ಆಗುವ ಸವೆತ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟು ಪಾಲು ಹೋಗುತ್ತದೆ, 60ರ ಮೇಲೆ ವೇಗ ಹೆಚ್ಚುತ್ತದೆ. ಆದರೆ ಮಲಗಿದರೆ ಈ ಲೆಕ್ಕವೆಲ್ಲ ತಲೆಕೆಳಗು. 2007ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. ಜ್ವರ ಇಲ್ಲ, ನೋವಿಲ್ಲ, ಊಟವೂ ಸರಿಯಾಗಿ ಕೊಟ್ಟಿದ್ದರು. ಹತ್ತು ದಿನ ಕಳೆದು ನೋಡಿದರೆ ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸಖಂಡ ಹೋಗಿತ್ತು.

ನಿಮ್ಮ ಅತ್ತೆ ಮಲಗಿದ್ದೂ ಹತ್ತು ದಿನ. ಅದರ ಮೇಲೆ ಜ್ವರ. ಜ್ವರ ಬಂದಾಗ ದೇಹ ಮಾಂಸಖಂಡವನ್ನು ಇನ್ನೂ ಬೇಗ ಒಡೆಯುತ್ತದೆ. ಅದರ ಮೇಲೆ ಪಥ್ಯ. ನಮ್ಮಲ್ಲಿ ಜ್ವರ ಅಂದರೆ ಗಂಜಿ ತಿಳಿ, ಸುಟ್ಟ ಹಪ್ಪಳ, ಉಪ್ಪಿನಕಾಯಿ, ಅಲ್ವಾ? ಮೀನಂತೂ ಇಲ್ಲವೇ ಇಲ್ಲ. ನೀವೂ ಹಾಗೇ ಕೊಟ್ಟಿರುತ್ತೀರಿ, ಅದು ಪ್ರೀತಿಯಿಂದಲೇ ಕೊಟ್ಟದ್ದು. ನಿಮ್ಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಮಾಂಸಖಂಡಕ್ಕೆ ಅತಿ ಹೆಚ್ಚು ಪ್ರೋಟೀನ್ ಬೇಕಾದ ಹೊತ್ತಿನಲ್ಲೇ ಬಟ್ಟಲಿನಿಂದ ಅದನ್ನು ತೆಗೆದುಬಿಡುತ್ತೇವೆ. ಇಪ್ಪತ್ತು ವರ್ಷದವರು ಒಂದು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. 72ರಲ್ಲಿ ಹೋದದ್ದು ತಾನಾಗಿ ಬರುವುದಿಲ್ಲ, ಕರೆದು ತರಬೇಕು.

ನಂಜಿನ ಮಾತು ಇಲ್ಲೇ ಮುಗಿಸುತ್ತೇನೆ. ಗಾಯ, ತುರಿಕೆ, ಜ್ವರ, ಆಪರೇಷನ್, ಯಾವುದಾದರೂ ಸರಿ, ಬಂಗುಡೆ ನಂಜು, ಬೂತಾಯಿ ನಂಜು ಅನ್ನುತ್ತಾರೆ. ಇದರ ಹಿಂದೆ ಒಂದು ನಿಜವಾದ ಅನುಭವ ಇದೆ ಅಂತ ನನಗೆ ಅನಿಸುತ್ತದೆ. ಬಂಗುಡೆ, ಬೂತಾಯಿ, ಕೇದರ್ ಈ ಜಾತಿಯ ಮೀನುಗಳನ್ನು ಐಸ್ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮೈ ಕೆಂಪಾಗುತ್ತದೆ, ತುರಿಸುತ್ತದೆ, ತಲೆನೋವು ಬರುತ್ತದೆ. ಐಸ್ ಇಲ್ಲದ ಕಾಲದಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಮಾರುತ್ತಿದ್ದ ಕಾಲದಲ್ಲಿ, ಇದು ಎಷ್ಟೋ ಜನರಿಗೆ ಆಗಿರಬಹುದು. ನೀವು ಬಂದರಿನ ಪಕ್ಕದಲ್ಲೇ ಇದ್ದೀರಿ. ಕಣ್ಣು ಹೊಳೆಯುವ, ಕಿವಿರು ಕೆಂಪಗಿರುವ, ಒತ್ತಿದರೆ ಗಟ್ಟಿ ಇರುವ ಬಂಗುಡೆ ತಂದು ಕೂಡಲೇ ಫ್ರಿಜ್ಜಿಗೆ ಹಾಕಿ, ಅದೇ ದಿನ ಮಾಡಿ. ಮೀನಿನ ಅಲರ್ಜಿ ಇಲ್ಲದವರಿಗೆ ಅದರಿಂದ ನಂಜಾಗುವುದಿಲ್ಲ. ಅತ್ತೆ ಒಪ್ಪದಿದ್ದರೆ ಜಗಳ ಬೇಡ. ಕಾಣೆ ಮೀನಿನಿಂದ ಶುರು ಮಾಡಿ. ಕಾಣೆ ನಂಜಲ್ಲ ಅಂತ ನಮ್ಮ ಹಿರಿಯರೂ ಒಪ್ಪುತ್ತಾರೆ, ಹುಷಾರಿಲ್ಲದವರಿಗೂ ಕೊಡುತ್ತಾರೆ. ರೇಟು ಜಾಸ್ತಿ, ನಿಜ. ಎರಡು ವಾರ ಕಾಣೆ ತಿಂದು ಮೈಗೆ ಒಗ್ಗಿದ ಮೇಲೆ ಬಂಗುಡೆ ತಾನಾಗಿ ಬಟ್ಟಲಿಗೆ ಬರುತ್ತದೆ.

ಮೊಟ್ಟೆ, ಕೋಳಿ, ಹಾಲು, ಬೇಳೆ ಎಲ್ಲದರಲ್ಲೂ ಪ್ರೋಟೀನ್ ಇದೆ. ಆದರೂ ಹಿರಿಯರಿಗೆ ಮೀನು ಒಳ್ಳೆಯದು ಅಂತ ನಾನು ಯಾಕೆ ಮತ್ತೆ ಮತ್ತೆ ಹೇಳುತ್ತೇನೆ? ಮೊದಲ ಕಾರಣ ಹಲ್ಲು. ಆಡಿನ ಮಾಂಸದಲ್ಲಿ ನಾರಿನಂತಹ ಅಂಟು ಭಾಗ ಜಾಸ್ತಿ. ಮೀನು ನೀರಿನಲ್ಲಿ ತೇಲುವ ಪ್ರಾಣಿ, ಮೈ ಹೊರುವ ಕೆಲಸ ಅದಕ್ಕಿಲ್ಲ. ಅದರ ಮಾಂಸ ಪದರ ಪದರವಾಗಿ ಇರುತ್ತದೆ, ಪದರಗಳ ನಡುವಿನ ಅಂಟು ತೆಳು, ಸ್ವಲ್ಪ ಬಿಸಿಗೇ ಕರಗುತ್ತದೆ. ಬೆರಳಲ್ಲಿ ಮುಟ್ಟಿದರೆ ಬಿಡಿಬಿಡಿಯಾಗುತ್ತದೆ. ಕಟ್ಟಿಸಿದ ಹಲ್ಲಿನವರೂ ಜಗಿಯಬಹುದು, ಹೊಟ್ಟೆಗೂ ಹಗುರ.

ಇನ್ನೊಂದು ಕಾರಣ, ಅದರಲ್ಲಿ ಪ್ರೋಟೀನ್ ಒಂಟಿಯಾಗಿ ಬರುವುದಿಲ್ಲ. ಬಿ12 ಬರುತ್ತದೆ. ನಿಮ್ಮ ಅತ್ತೆಗೆ ಇದು ಮುಖ್ಯ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಹೊಟ್ಟೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಆಗ ಕಾಲು ಜುಮ್ಮೆನ್ನುತ್ತದೆ, ನಡಿಗೆ ತೂಗಾಡುತ್ತದೆ. ಅದನ್ನು ಬರೀ ವಯಸ್ಸು ಅಂತ ತಿಳಿಯುವವರು ತುಂಬಾ ಜನ. ಕೊಬ್ಬಿನ ಮೀನಿನಲ್ಲಿ ವಿಟಮಿನ್ ಡಿ ಇದೆ. ಮಳೆಗಾಲದ ನಾಲ್ಕು ತಿಂಗಳು ಜಗಲಿ ದಾಟದ ನಮ್ಮ ಹಿರಿಯರಿಗೆ ಅದು ಬೇಕು. ಮುಳ್ಳು ಸಮೇತ ತಿನ್ನುವ ಬೊಳಂಜೀರ್‌ನಲ್ಲಿ ಕ್ಯಾಲ್ಸಿಯಂ ಇದೆ. ಆಮೇಲೆ ಒಮೇಗಾ-3 ಅನ್ನುವ ಒಳ್ಳೆಯ ಕೊಬ್ಬು.

ಒಮೇಗಾ-3 ಅಂದಾಗ ನಿಮ್ಮ ಮೈದುನನ ಕ್ಯಾಪ್ಸುಲ್ ಬರುತ್ತದೆ. ಈ ವಿಷಯದಲ್ಲಿ ಆಸೆ ಹುಟ್ಟಿಸುವ ಅಧ್ಯಯನವೂ ಇದೆ, ಆಸೆ ತಣಿಸುವ ಅಧ್ಯಯನವೂ ಇದೆ. ಎರಡನ್ನೂ ಹೇಳುತ್ತೇನೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. 60ರಿಂದ 85 ವರ್ಷದ 60 ಜನರನ್ನು ತೆಗೆದುಕೊಂಡಿದ್ದರು. ಕೆಲವರಿಗೆ ಆರು ತಿಂಗಳು ಮೀನೆಣ್ಣೆ, ಉಳಿದವರಿಗೆ ಜೋಳದ ಎಣ್ಣೆ. ಮೀನೆಣ್ಣೆ ತೆಗೆದುಕೊಂಡವರ ತೊಡೆಯ ಮಾಂಸಖಂಡ ಇನ್ನೊಂದು ಗುಂಪಿಗೆ ಹೋಲಿಸಿದರೆ ನೂರಕ್ಕೆ 3.6 ಪಾಲು ಹೆಚ್ಚಿತು, ಕೈಯ ಹಿಡಿತ 2.3 ಕಿಲೋ ಹೆಚ್ಚಿತು. ಒಳ್ಳೆಯ ಸುದ್ದಿಯೇ. ಆದರೆ ಅವರು ಕೊಟ್ಟ ಒಮೇಗಾ-3 ದಿನಕ್ಕೆ ಸುಮಾರು 3.4 ಗ್ರಾಂ. ನಿಮ್ಮ ಕೈಯಲ್ಲಿರುವ ಡಬ್ಬಿಯ ಹಿಂದೆ ಓದಿ. 1000 ಮಿಲಿಗ್ರಾಂ ಅಂತ ದೊಡ್ಡದಾಗಿ ಬರೆದಿರುತ್ತದೆ, ಅದು ಎಣ್ಣೆಯ ತೂಕ. ಒಳಗಿನ ಒಮೇಗಾ-3 ಅಂದರೆ ಇಪಿಎ 180, ಡಿಎಚ್‌ಎ 120, ಸಾಮಾನ್ಯವಾಗಿ ಇಷ್ಟೇ. ಎರಡೂ ಸೇರಿ 300 ಮಿಲಿಗ್ರಾಂ. ಆ ಪ್ರಯೋಗದ ಅಳತೆಗೆ ಬರಲು ದಿನಕ್ಕೆ ಹನ್ನೊಂದು ಕ್ಯಾಪ್ಸುಲ್ ನುಂಗಬೇಕು! ದಯವಿಟ್ಟು ಹಾಗೆ ಮಾಡಬೇಡಿ. ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡರೆ ಕೆಲವರಿಗೆ ಹೃದಯದ ಬಡಿತ ತಾಳ ತಪ್ಪುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇನ್ನೊಂದು ಅಧ್ಯಯನ ಯುರೋಪಿನ ಐದು ದೇಶಗಳಲ್ಲಿ ನಡೆದದ್ದು. 70 ದಾಟಿದ 2157 ಜನ, ಮೂರು ವರ್ಷ. ಅಲ್ಲಿ ಕೊಟ್ಟದ್ದು ದಿನಕ್ಕೆ 1 ಗ್ರಾಂ ಒಮೇಗಾ-3. 2020ರಲ್ಲಿ ಫಲಿತಾಂಶ ಬಂತು. ಕಾಲಿನ ಶಕ್ತಿ, ನಡಿಗೆಯಲ್ಲಿ ಹೇಳುವಂತಹ ಲಾಭ ಕಾಣಲಿಲ್ಲ. ಇನ್ನು ಕ್ಯಾಪ್ಸುಲ್ ಅಲ್ಲ, ಮೀನನ್ನೇ ನೋಡಿದ ಇಂಗ್ಲೆಂಡಿನ ಅಧ್ಯಯನ ಒಂದಿದೆ, 2008ರದ್ದು. ಹರ್ಟ್‌ಫರ್ಡ್‌ಶೈರ್ ಅನ್ನುವ ಜಿಲ್ಲೆಯ 59ರಿಂದ 73 ವರ್ಷದ ಸುಮಾರು ಮೂರು ಸಾವಿರ ಜನರ ಕೈ ಹಿಡಿತ ಅಳೆದರು. ಕೊಬ್ಬಿನ ಮೀನನ್ನು ವಾರಕ್ಕೆ ಒಂದೊಂದು ಸಲ ಹೆಚ್ಚು ತಿಂದ ಹಾಗೆಲ್ಲ ಹಿಡಿತ ಅರ್ಧ ಕಿಲೋದಷ್ಟು ಹೆಚ್ಚಿತ್ತು, ಗಂಡಸರಲ್ಲೂ ಹೆಂಗಸರಲ್ಲೂ. ಮೀನು ತಿನ್ನುವವರು ಬೇರೆ ಊಟವನ್ನೂ ಚೆನ್ನಾಗಿ ಮಾಡುವವರಿರಬಹುದು. ಹಾಗಾಗಿ ಪೂರ್ತಿ ಪುಣ್ಯ ಮೀನಿಗೇ ಕೊಡಲು ಬರುವುದಿಲ್ಲ. ಆದರೂ ನನ್ನ ತೀರ್ಮಾನ ಸ್ಪಷ್ಟ. ಕ್ಯಾಪ್ಸುಲ್‌ನಲ್ಲಿ ಪ್ರೋಟೀನ್ ಇಲ್ಲ, ಬೂತಾಯಿಯಲ್ಲಿ ಎರಡೂ ಇದೆ. ಮೈದುನನಿಗೆ ಥ್ಯಾಂಕ್ಸ್ ಹೇಳಿ, ಮುಂದಿನ ಸಲ ಮೀನಿಗೆ ದುಡ್ಡು ಕಳಿಸಲು ಹೇಳಿ.

ಬೂತಾಯಿಯ ಹೆಸರು ಬಂತಲ್ಲ, ಅದರ ಬಗ್ಗೆ ನನಗೆ ವಿಶೇಷ ಪ್ರೀತಿ. ಬಡವರ ಮೀನು ಅಂತ ಅದನ್ನು ಕೀಳಾಗಿ ನೋಡುವವರಿದ್ದಾರೆ, ನೆಂಟರು ಬಂದರೆ ಅಂಜಲ್ ಮೀನೇ ಆಗಬೇಕು. ಆದರೆ ಮಾಂಸಖಂಡದ ಲೆಕ್ಕದಲ್ಲಿ ಬೂತಾಯಿ ಅಂಜಲಿಗೆ ಏನೂ ಕಡಿಮೆಯಲ್ಲ, ಒಮೇಗಾ-3 ಲೆಕ್ಕದಲ್ಲಿ ಅದಕ್ಕಿಂತ ಮೇಲೆ. ಮಳೆಗಾಲದಲ್ಲಿ ಸಮುದ್ರದ ಅಡಿಯ ತಣ್ಣಗಿನ ನೀರು ಮೇಲೆ ಬರುತ್ತದೆ, ಅದರ ಜೊತೆ ಗೊಬ್ಬರದಂತಹ ಸತ್ವವೂ ಬರುತ್ತದೆ. ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಅದನ್ನು ತಿಂದು ಕೊಬ್ಬುತ್ತದೆ. ಮಳೆ ಕಳೆದ ಮೇಲಿನ ತಿಂಗಳುಗಳಲ್ಲಿ ಬೂತಾಯಿ ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ ಅನ್ನುತ್ತಾರಲ್ಲ, ಅದು ಇದೇ ಎಣ್ಣೆ. ಹಿಂದೆ ನಮ್ಮ ಕರಾವಳಿಯಲ್ಲಿ ಈ ಎಣ್ಣೆ ತೆಗೆದು ದೋಣಿಯ ಮರಕ್ಕೆ ಹಚ್ಚುತ್ತಿದ್ದರು, ಉಳಿದದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು. ಕೊಬ್ಬಿದ ಕಾಲದಲ್ಲಿ 100 ಗ್ರಾಂ ಬೂತಾಯಿ ಮಾಂಸದಲ್ಲಿ ಒಂದು ಗ್ರಾಂ ಅಥವಾ ಅದಕ್ಕೂ ಹೆಚ್ಚು ಒಮೇಗಾ-3 ಸಿಗುತ್ತದೆ. ಹಾಗಾಗಿ ವಾರಕ್ಕೆ ಎರಡು ಮೂರು ದಿನ ಬೂತಾಯಿ ಅಥವಾ ಬಂಗುಡೆ, ಉಳಿದ ದಿನ ಸಿಕ್ಕಿದ ಮೀನು. ದೊಡ್ಡ ಮೀನುಗಳಾದ ಅಂಜಲ್, ತಾಟೆಯಲ್ಲಿ ಪಾದರಸ ಸೇರಿಕೊಳ್ಳುವ ಸಂಭವ ಜಾಸ್ತಿ, ಚಿಕ್ಕ ಮೀನಿನಲ್ಲಿ ಕಡಿಮೆ. ಬೂತಾಯಿಯ ಪರ ಮಾತಾಡಲು ನನಗೆ ಅದೂ ಒಂದು ಕಾರಣ.

ಎಷ್ಟು ತುಂಡು ಅಂತ ಕೇಳುತ್ತೀರಿ. 100 ಗ್ರಾಂ ಮೀನಿನ ಮಾಂಸದಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೋಟೀನ್. ಆದರೆ ನೂರು ಗ್ರಾಂ ತೂಗುವ ಬಂಗುಡೆಯಲ್ಲಿ ತಲೆ, ಹೊಟ್ಟೆ, ಮುಳ್ಳು ಹೋಗಿ ಉಳಿಯುವ ಮಾಂಸ 60 ಗ್ರಾಂ. ಅದರಿಂದ 11-12 ಗ್ರಾಂ ಪ್ರೋಟೀನ್. ಹಾಗಾಗಿ ಒಂದು ಊಟಕ್ಕೆ ಎರಡು ಬಂಗುಡೆ. ಬೂತಾಯಿ ಸಾಧಾರಣ ಗಾತ್ರದ್ದಾದರೆ ಐದು. ಅಂಜಲ್ ಆದರೆ ಅಂಗೈ ಅಗಲದ ಒಂದು ದಪ್ಪ ತುಂಡು. ಅತ್ತೆ "ಅಷ್ಟಾ!" ಅನ್ನುತ್ತಾರೆ, ಖಂಡಿತ. ಮೊದಲ ವಾರ ಒಂದು ಬಂಗುಡೆ, ಮುಂದಿನ ವಾರ ಒಂದೂವರೆ, ಹಾಗೆ ಹೋಗಿ.

ಒಂದೇ ಹೊತ್ತಿಗೆ ಇಷ್ಟು ಯಾಕೆ ಅಂದರೆ, ವಯಸ್ಸಾದ ಮಾಂಸಖಂಡ ಒದ್ದೆ ಕಟ್ಟಿಗೆಯ ಹಾಗೆ. ಒಂದು ಕಡ್ಡಿ ಗೀರಿದರೆ ಹತ್ತಿಕೊಳ್ಳುವುದಿಲ್ಲ. ಎಳೆಯರಿಗೆ ಒಂದು ಮೊಟ್ಟೆಯ ಪ್ರೋಟೀನ್ ಬಿದ್ದರೂ ಮಾಂಸಖಂಡ ಕಟ್ಟುವ ಕೆಲಸ ಶುರುವಾಗುತ್ತದೆ. ಹಿರಿಯರಿಗೆ ಒಂದು ಊಟದಲ್ಲಿ 25 ಗ್ರಾಂ ಹತ್ತಿರ ಬಂದರೆ ಮಾತ್ರ ಅದು ಎಚ್ಚರವಾಗುತ್ತದೆ. ಅದನ್ನು ಎಬ್ಬಿಸುವುದು ಲ್ಯೂಸಿನ್ ಅನ್ನುವ ಅಂಶ, ಮೀನಿನಲ್ಲಿ ಅದು ಚೆನ್ನಾಗಿಯೇ ಇದೆ. ಹಾಗಾಗಿ ಬೆಳಿಗ್ಗೆ ಚೂರು, ಮಧ್ಯಾಹ್ನ ಚೂರು ಅಂತ ಹಂಚಿದರೆ ಸಾಲದು. ಮಧ್ಯಾಹ್ನದ ಊಟ ಗಟ್ಟಿಯಾಗಿರಲಿ. ಬೆಳಿಗ್ಗೆಯ ಗಂಜಿಯ ಜೊತೆ ಒಂದು ಮೊಟ್ಟೆ, ಹೆಸರುಕಾಳಿನ ಪಲ್ಯ, ಒಂದು ಲೋಟ ಹಾಲು ಸೇರಿಸಿ. 18 ಗ್ರಾಂ ಆದರೂ ಆಗುತ್ತದೆ. ರಾತ್ರಿಗೆ ಮಧ್ಯಾಹ್ನದ ಮೀನು ಉಳಿಸಿಡಿ, ರಸ ಅಲ್ಲ, ತುಂಡು.

ಬಡಿಸುವ ಕ್ರಮವನ್ನೂ ಬದಲಿಸಿ. ಮೊದಲು ಮೀನು ಬಡಿಸಿ. ಅರ್ಧ ಮೀನು ಹೊಟ್ಟೆಗೆ ಹೋದ ಮೇಲೆ ಅನ್ನ ಕೊಡಿ. ಮೊದಲೇ ಅನ್ನ ರಸ ಕಲಸಿದರೆ ಹೊಟ್ಟೆ ತುಂಬಿಬಿಡುತ್ತದೆ, ಮೀನು ಮೊಮ್ಮಗನ ಬಟ್ಟಲಿಗೆ ಹೋಗುತ್ತದೆ. ಶುಗರ್ ಇರುವವರಿಗೆ ಈ ಕ್ರಮ ಇನ್ನೂ ಒಳ್ಳೆಯದು, ಊಟದ ಮೇಲೆ ಶುಗರ್ ಒಮ್ಮೆಲೇ ಏರುವುದಿಲ್ಲ. ಆದರೆ ಶುಗರ್ ಅಂತ ಅನ್ನ ಪೂರ್ತಿ ಕಡಿಮೆ ಮಾಡಬೇಡಿ. ಈಗಾಗಲೇ ತೂಕ ಇಳಿದವರು ಅವರು. ಹೊಟ್ಟೆಗೆ ಸಾಕಷ್ಟು ಬೀಳದಿದ್ದರೆ ದೇಹ ತಿಂದ ಪ್ರೋಟೀನನ್ನೇ ಸೌದೆ ಮಾಡಿಕೊಳ್ಳುತ್ತದೆ. ಆಮೇಲೆ ಇನ್ನೊಂದು ಮಾತು, ಅವರನ್ನು ಒಬ್ಬರೇ ಕೂರಿಸಬೇಡಿ. ಎಲ್ಲರ ಜೊತೆ ಕೂರಿಸಿ, ನೀವೇ ಮುಳ್ಳು ಬಿಡಿಸಿ ಕೊಡಿ.

ಮುಳ್ಳಿನ ಭಯ ಹಿರಿಯರಿಗೆ ನಿಜವಾಗಿಯೂ ಇರುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಅಂಗುಳನ್ನು ಮುಚ್ಚುತ್ತದೆ, ಆಗ ಬಾಯಿಗೆ ಮುಳ್ಳು ಸಿಕ್ಕಿದ್ದು ಗೊತ್ತಾಗುವುದಿಲ್ಲ. ಬೂತಾಯಿಗೆ ಒಂದು ಉಪಾಯ ಇದೆ. ಪ್ರೆಷರ್ ಕುಕ್ಕರಿನಲ್ಲಿ ಹುಳಿ ಸ್ವಲ್ಪ ಜಾಸ್ತಿ ಹಾಕಿ, ಪುಳಿಮುಂಚಿ ಮಸಾಲೆಯಲ್ಲೇ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ. ನೀರು ಆರದ ಹಾಗೆ ನೋಡಿಕೊಳ್ಳಿ. ಡಬ್ಬಿ ಮೀನಿನ ಹಾಗೆ ಮುಳ್ಳು ಮೆತ್ತಗಾಗುತ್ತದೆ. ಬಡಿಸುವ ಮುಂಚೆ ನಡು ಮುಳ್ಳನ್ನು ಬೆರಳಲ್ಲಿ ಹಿಚುಕಿ ನೋಡಿ, ಪುಡಿಯಾಗಬೇಕು. ಹಾಗೆ ಪುಡಿಯಾದರೆ ಕ್ಯಾಲ್ಸಿಯಂ ಕೂಡ ಹೊಟ್ಟೆಗೆ ಹೋದ ಹಾಗೆ. ನಂಗ್ ಮೀನಿಗೆ ಮಧ್ಯ ಒಂದೇ ಸಾಲು ಮುಳ್ಳು, ಬಿಡಿಸುವುದು ಸುಲಭ. ಪುಳಿಮುಂಚಿ, ಗಸಿ ಎರಡೂ ಒಳ್ಳೆಯದು, ಕರಗಿದ ಮೀನೆಣ್ಣೆ ರಸದಲ್ಲೇ ಉಳಿಯುತ್ತದೆ. ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಹುರಿದರೂ ತೊಂದರೆ ಇಲ್ಲ. ರವೆ ಹಚ್ಚಿ ಮುಳುಗಿಸಿ ಕರಿಯುವುದು ದಿನಾ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಮನೆಯಲ್ಲಿ ಒಣಮೀನು ಹೊರಗೆ ಬರುತ್ತದೆ. ಬಿಪಿ ಇರುವವರಿಗೆ ಅದರ ಉಪ್ಪು ಜಾಸ್ತಿ ಆಗುತ್ತದೆ. ನೆನೆಸಿ ಎರಡು ನೀರು ಚೆಲ್ಲಿ ಮಾಡಿದರೂ ಅದು ಬಾಯಿ ರುಚಿಗೆ ಮಾತ್ರ ಇರಲಿ. ಆ ಎರಡು ತಿಂಗಳು, ಮತ್ತೆ ಸೋಮವಾರ ಸಂಕ್ರಾಂತಿ ಅಂತ ಮೀನಿಲ್ಲದ ದಿನಗಳಲ್ಲಿ, ಮೊಟ್ಟೆ ತಿನ್ನುವ ದಿನ ಮೊಟ್ಟೆ, ಇಲ್ಲದಿದ್ದರೆ ಬಸಳೆ-ಹೆಸರು, ಕಡಲೆ ಗಸಿ, ಹುರುಳಿ ಸಾರು, ಗಟ್ಟಿ ಮೊಸರು. ಹುರುಳಿ ಸಾರಿನಲ್ಲೂ ಅದೇ ನಿಯಮ, ಕಾಳು ತಿನ್ನಬೇಕು, ತಿಳಿ ಮಾತ್ರ ಅಲ್ಲ.

ಎರಡು ಎಚ್ಚರಿಕೆ ಹೇಳಬೇಕು. ಕ್ರಿಯಾಟಿನಿನ್ ಜಾಸ್ತಿ ಬಂದರೆ ನಾನು ಮೇಲೆ ಹೇಳಿದ ಲೆಕ್ಕ ನಡೆಯುವುದಿಲ್ಲ, ಕಿಡ್ನಿ ಡಾಕ್ಟರ್ ಹೇಳಿದಷ್ಟೇ ಪ್ರೋಟೀನ್. ಯೂರಿಕ್ ಆಸಿಡ್ ಜಾಸ್ತಿ ಇದ್ದು ಗಂಟು ಬಾವು ಬರುವವರಿಗೆ ಬೂತಾಯಿ, ಬೊಳಂಜೀರ್ ತೊಂದರೆ ಕೊಡಬಹುದು. ಅಂಥವರಿಗೆ ಮೊಟ್ಟೆ, ಹಾಲು, ಮೊಸರು ವಾಸಿ.

ಕೊನೆಗೆ, ಮೀನಿನಷ್ಟೇ ಮುಖ್ಯವಾದ ವಿಷಯ. ಇಷ್ಟೆಲ್ಲ ತಿಂದು ಟಿವಿ ಮುಂದೆ ಕುಳಿತರೆ ಕಾಲಿಗೆ ಏನೂ ಸೇರುವುದಿಲ್ಲ. ಕಲ್ಲು, ಮರಳು ತಂದು ಅಂಗಳದಲ್ಲಿ ಹಾಕಿದರೆ ಗೋಡೆ ಏಳುತ್ತದಾ? ಕೆಲಸದವರು ಬೇಕಲ್ಲ. ಮಾಂಸಖಂಡಕ್ಕೆ ಭಾರ ಬಿದ್ದರೆ ಮಾತ್ರ ಅದು ಬಂದ ಪ್ರೋಟೀನನ್ನು ಎಳೆದುಕೊಳ್ಳುತ್ತದೆ. 72ರಲ್ಲಿ ವ್ಯಾಯಾಮವಾ ಅಂತ ಕೇಳಬೇಡಿ. 1990ರಲ್ಲಿ ಬಾಸ್ಟನ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸರಾಸರಿ 90 ವರ್ಷದವರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಕಾಲಿನ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ನಾನು ಎಷ್ಟು ಸಲ ಓದಿದರೂ ಇದು ನನಗೆ ಸಂತೋಷ ಕೊಡುತ್ತದೆ.

ಅತ್ತೆಗೆ ಮಣೆ ಬೇಡ, ಈಗ ಅದು ತೀರಾ ತಗ್ಗು. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ, ಜಾರಬಾರದು. ನೀವು ಪಕ್ಕದಲ್ಲಿ ನಿಂತಿರಿ. ಎದ್ದು ನಿಲ್ಲುವುದು, ಮೆಲ್ಲ ಕುಳಿತುಕೊಳ್ಳುವುದು. ಕುಳಿತುಕೊಳ್ಳುವಾಗ ದೊಪ್ಪನೆ ಬೀಳದೆ ಮನಸ್ಸಿನಲ್ಲಿ ನಾಲ್ಕು ಎಣಿಸುತ್ತಾ ಇಳಿಯಬೇಕು. ಮೊದಲು ಐದು ಸಲ, ದಿನಕ್ಕೆ ಎರಡು ಹೊತ್ತು. ಕೈ ಊರಿ ಎದ್ದರೂ ಪರವಾಗಿಲ್ಲ. ಎರಡು ವಾರದಲ್ಲಿ ಒಂದು ಕೈ ಬಿಡಬಹುದು, ಆಮೇಲೆ ಎರಡೂ. ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಚಾವಡಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ ಇಳಿಯುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇವನ್ನು ಆಮೇಲೆ ಸೇರಿಸಿ.

ಫಲ ಸಿಗುತ್ತಿದೆಯಾ ಅಂತ ತಿಳಿಯಲು ಎರಡು ಅಳತೆ ಸಾಕು. ಟೈಲರ್ ಟೇಪಿನಿಂದ ಮೀನಖಂಡದ, ಅಂದರೆ ಮೊಣಕಾಲ ಕೆಳಗಿನ ಹಿಂಬದಿಯ ಮಾಂಸದ, ಸುತ್ತಳತೆ ನೋಡಿ, ಅತಿ ದಪ್ಪ ಇರುವ ಜಾಗದಲ್ಲಿ. ಏಷ್ಯಾದವರಿಗಾಗಿ 2019ರಲ್ಲಿ ಮಾಡಿದ ಲೆಕ್ಕದಲ್ಲಿ ಹೆಂಗಸರಿಗೆ 33 ಸೆಂಟಿಮೀಟರಿಗಿಂತ, ಗಂಡಸರಿಗೆ 34ಕ್ಕಿಂತ ಕಡಿಮೆ ಇದ್ದರೆ ಮಾಂಸಖಂಡ ಕಡಿಮೆ ಅಂತ ಅನುಮಾನಿಸಬೇಕು. ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಿನಲ್ಲಿ ನೋಡಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಕಾಲು ದುರ್ಬಲ. ಈಗ ಅವರಿಗೆ ಕೈ ಕಟ್ಟಿ ಏಳಲೇ ಆಗದಿರಬಹುದು, ಹಾಗಾದರೆ ಅದನ್ನೇ ಬರೆದಿಡಿ. ತೂಕವನ್ನೂ ಬರೆಯಿರಿ. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಇವತ್ತಿನ ದಿನಾಂಕದ ಪಕ್ಕದಲ್ಲಿ ಬರೆದರೆ ಕಳೆದು ಹೋಗುವುದಿಲ್ಲ. ತೂಕ ಹದಿನೈದು ದಿನಕ್ಕೊಮ್ಮೆ ನೋಡಿ, ಉಳಿದೆರಡನ್ನು ಮೂರು ತಿಂಗಳು ಬಿಟ್ಟು ಅಳೆಯಿರಿ. ತೂಕ ಇನ್ನೂ ಇಳಿಯುತ್ತಿದ್ದರೆ ಮೂರು ತಿಂಗಳು ಕಾಯಬೇಡಿ, ರಕ್ತ ಪರೀಕ್ಷೆಯ ಕಾಗದಗಳನ್ನು ಹಿಡಿದುಕೊಂಡು ಮತ್ತೆ ಡಾಕ್ಟರ ಹತ್ತಿರ ಹೋಗಿ.